ದಾಸಿಯ ಮಗ ಯಾರು?

ಹಾಜಿರಾರ ಕತೆ ನಮ್ಮ ಓದುಗರಿಗೆ ಹೊಸತಲ್ಲ. ನೀರಿಲ್ಲದ ಕಣಿವೆಯಲ್ಲಿ ಮಗುವನ್ನು ಮಲಗಿಸಿ, ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ ಏಳು ಸಲ ಓಡಿದ ಆ ತಾಯಿಯ ಕತೆಯನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. ಹಜ್ಜಿಗೆ ಹೋದವರು ಇಂದಿಗೂ ಆಕೆಯ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಾರೆ. ರಾಜನಿರಲಿ, ಕೂಲಿಯವನಿರಲಿ, ಒಬ್ಬ ದಾಸಿಯ ಓಟವನ್ನು ಓಡದೆ ಹಜ್ಜ್ ಮುಗಿಸಿ ಬರುವಂತಿಲ್ಲ. ಆದರೆ ಇದೇ ಹಾಜಿರಾ ಕ್ರೈಸ್ತ ಚರಿತ್ರೆಯಲ್ಲಿ ತೀರಾ ಬೇರೆಯೇ ಆದ ಒಂದು ಪಾತ್ರ ವಹಿಸಿದ್ದಾರೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಅಲ್ಲಿ ಅವರು ತಾಯಿಯೂ ಅಲ್ಲ, ಹೆಂಡತಿಯೂ ಅಲ್ಲ, ಒಂದು ಬೆಟ್ಟ. ಒಂದು ಒಡಂಬಡಿಕೆ. ಒಂದು ಊರು. ಧರ್ಮದ ವಿಧಿನಿಯಮಗಳಿಗೆ ಕಟ್ಟುಬಿದ್ದು ಬದುಕುವ ಎಲ್ಲರ ಗುರುತು.

ಈ ಪಾತ್ರ ಸಿಗುವುದು ಬೈಬಲಿನ ಹೊಸ ಒಡಂಬಡಿಕೆಯಲ್ಲಿ, ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯದ ಕೊನೆಯಲ್ಲಿ. ಒಟ್ಟು ಹನ್ನೊಂದು ವಚನಗಳು. ಅಷ್ಟು ಸಣ್ಣ ಭಾಗ ಎರಡು ಸಾವಿರ ವರ್ಷಗಳಲ್ಲಿ ಎಷ್ಟು ಜನರ ಕೈಗೆ ಸಿಕ್ಕಿತು, ಯಾರನ್ನು ಬಿಡಿಸಿತು, ಯಾರನ್ನು ಕಟ್ಟಿಹಾಕಿತು ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ಮೊದಲು ಹಳೆಯ ಒಡಂಬಡಿಕೆಯ ಕತೆ. ಆದಿಕಾಂಡದ ಪ್ರಕಾರ ಸಾರಾರಿಗೆ ಮಕ್ಕಳಿರಲಿಲ್ಲ. ಅವರು ಈಜಿಪ್ಟಿನವಳಾದ ತನ್ನ ದಾಸಿ ಹಾಜಿರಾರನ್ನು ಇಬ್ರಾಹೀಮರಿಗೆ ಕೊಟ್ಟರು. ಹಾಜಿರಾ ಗರ್ಭಿಣಿಯಾದ ಮೇಲೆ ಮನೆಯಲ್ಲಿ ಇರಿಸುಮುರಿಸು ಹುಟ್ಟಿ, ಒಡತಿಯ ಕಾಟ ತಾಳಲಾರದೆ ಅವರು ಓಡಿಹೋದರು. ದಾರಿಯಲ್ಲಿ ಒಂದು ಬುಗ್ಗೆಯ ಬಳಿ ದೇವದೂತ ಸಿಕ್ಕಿ, ಹಿಂದಿರುಗಿ ಒಡತಿಗೆ ತಗ್ಗಿ ನಡೆಯುವಂತೆ ಹೇಳಿದ, ಮಗನ ಭರವಸೆಯನ್ನೂ ಕೊಟ್ಟ. ಇಸ್ಮಾಯಿಲ್ ಹುಟ್ಟಿದರು. ಎಷ್ಟೋ ವರ್ಷಗಳ ಬಳಿಕ ಸಾರಾರಿಗೂ ಮಗನಾದ, ಅವರೇ ಇಸ್‌ಹಾಕ್. ಒಂದು ದಿನ ಇಸ್ಮಾಯಿಲ್ ನಗುತ್ತಿರುವುದನ್ನು ಸಾರಾ ಕಂಡರು. ಹೀಬ್ರೂ ಮೂಲದಲ್ಲಿರುವ ಪದಕ್ಕೆ ನಗು, ಆಟ, ಗೇಲಿ ಎಂಬ ಅರ್ಥಗಳೆಲ್ಲ ಉಂಟು. ಇಸ್‌ಹಾಕ್ ಎಂಬ ಹೆಸರು ಹುಟ್ಟಿದ್ದೂ ಅದೇ ಧಾತುವಿನಿಂದ. ದಾಸಿಯನ್ನೂ ಅವಳ ಮಗನನ್ನೂ ಹೊರಗಟ್ಟಬೇಕೆಂದು ಸಾರಾ ಹಟ ಹಿಡಿದರು. ಇಬ್ರಾಹೀಮರಿಗೆ ಇದು ಬಹಳ ಸಂಕಟವಾಯಿತು ಎಂದು ಆದಿಕಾಂಡ ಸ್ಪಷ್ಟವಾಗಿ ಹೇಳುತ್ತದೆ. ಹೆಂಡತಿಯ ಮಾತು ಕೇಳು, ದಾಸಿಯ ಮಗನಿಂದಲೂ ನಾನೊಂದು ಜನಾಂಗವನ್ನು ಹುಟ್ಟಿಸುವೆನು ಎಂದು ದೇವರೇ ಹೇಳಿದ ಮೇಲೆ ರೊಟ್ಟಿ ಮತ್ತು ಒಂದು ತೊಗಲಿನ ಚೀಲದ ನೀರಿನೊಂದಿಗೆ ತಾಯಿಮಗ ಬೇರ್ಷೆಬದ ಕಾಡಿಗೆ ಹೊರಟರು.

ಈ ಕತೆ ಪೌಲನ ಕೈಗೆ ಏಕೆ ಬಂತು? ಕ್ರಿ.ಶ. 50ರ ಆಸುಪಾಸಿನ ಮಾತು. ಇಂದಿನ ಟರ್ಕಿಯ ನಡುಭಾಗವೇ ಅಂದಿನ ಗಲಾತ್ಯ. ಅಲ್ಲಿ ಪೌಲ ಕಟ್ಟಿದ ಸಭೆಗಳಲ್ಲಿದ್ದವರು ಹೆಚ್ಚಾಗಿ ಯಹೂದಿಯೇತರರು. ಅವನು ಹೊರಟುಹೋದ ಮೇಲೆ ಬೇರೆ ಬೋಧಕರು ಬಂದರು. ಅವರೂ ಯೇಸುವಿನಲ್ಲಿ ನಂಬಿಕೆಯಿಟ್ಟವರೇ. ಆದರೆ ಇಬ್ರಾಹೀಮರ ಮಕ್ಕಳಾಗಬೇಕಾದರೆ ಇಬ್ರಾಹೀಮರಂತೆ ಸುನ್ನತಿ ಮಾಡಿಸಿಕೊಳ್ಳಬೇಕು, ಮೂಸಾರ ಧರ್ಮಶಾಸ್ತ್ರವನ್ನು ಪಾಲಿಸಬೇಕು ಎಂಬುದು ಅವರ ವಾದ. ಈ ವಾದದಲ್ಲಿ ಬಲವಿತ್ತು. ಆದಿಕಾಂಡದ 17ನೇ ಅಧ್ಯಾಯವನ್ನು ತೆರೆದು ತೋರಿಸಿದರೆ ಸಾಕಿತ್ತು. ಹೀಗಾಗಿ ಪೌಲನೂ ಅದೇ ಇಬ್ರಾಹೀಮರ ಮನೆಗೆ ಹೋಗಬೇಕಾಯಿತು. ಎದುರಾಳಿಯ ಆಧಾರಗ್ರಂಥದಿಂದಲೇ ಎದುರಾಳಿಗೆ ಉತ್ತರ ಕೊಡುವ ಹಳೆಯ ಕ್ರಮ ಇದು. ಮುನಾಝರಗಳನ್ನು ಕಂಡ ನಮಗೆ ಪರಿಚಿತವೇ.

ಪೌಲನ ವಾದ ಹೀಗಿದೆ: ಇಬ್ರಾಹೀಮರಿಗೆ ಇಬ್ಬರು ಮಕ್ಕಳು. ಒಬ್ಬ ದಾಸಿಯಿಂದ ಶರೀರದ ಕ್ರಮದಂತೆ ಹುಟ್ಟಿದವನು, ಮತ್ತೊಬ್ಬ ಸ್ವತಂತ್ರಳಿಂದ ದೇವರ ವಾಗ್ದಾನದಂತೆ ಹುಟ್ಟಿದವನು. ಈ ಇಬ್ಬರು ಹೆಂಗಸರು ಎರಡು ಒಡಂಬಡಿಕೆಗಳು. ಹಾಜಿರಾ ಎಂದರೆ ಸೀನಾಯ್ ಬೆಟ್ಟದ ಒಡಂಬಡಿಕೆ, ಅದು ಹೆರುವುದು ದಾಸತ್ವಕ್ಕೆ. ಈಗಿನ ಯೆರೂಸಲೇಮ್ ಆಕೆಗೆ ಸಮ. ಮೇಲಣ ಯೆರೂಸಲೇಮಾದರೋ ಸ್ವತಂತ್ರಳು, ಅವಳೇ ನಮ್ಮ ತಾಯಿ. ಆದುದರಿಂದ ಸುನ್ನತಿಗೆ ಒಪ್ಪುವುದೆಂದರೆ ಸ್ವಾತಂತ್ರ್ಯವನ್ನು ಬಿಟ್ಟು ದಾಸಿಯ ಮಕ್ಕಳಾಗುವುದು.

ಯಹೂದಿ ಕಿವಿಗೆ ಇದು ಎಂಥ ಮಾತು ಎಂಬುದನ್ನು ಊಹಿಸಿಕೊಳ್ಳಬೇಕು. ಸೀನಾಯ್ ಬೆಟ್ಟದಲ್ಲಿ ತೌರಾತ್ ಪಡೆದವರು ಇಸ್‌ಹಾಕರ ಸಂತತಿಯವರು, ಸಾರಾರ ಮಕ್ಕಳು. ಹಾಜಿರಾರಿಗೂ ಸೀನಾಯ್ ಶಾಸನಕ್ಕೂ ಆದಿಕಾಂಡದಲ್ಲಿ ಯಾವ ಸಂಬಂಧವೂ ಇಲ್ಲ. ಪೌಲ ವಂಶಾವಳಿಯನ್ನು ಅಡಿಮೇಲು ಮಾಡಿದ. ಶಾಸ್ತ್ರವಿರುವ ಮಕ್ಕಳನ್ನು ದಾಸಿಯ ಮಡಿಲಿಗೂ, ಶಾಸ್ತ್ರವಿಲ್ಲದ ಗಲಾತ್ಯದವರನ್ನು ಸಾರಾರ ಮಡಿಲಿಗೂ ಹಾಕಿದ. ಇದಕ್ಕೆ ಅವನು ಬಳಸಿದ ಗ್ರೀಕ್ ಕ್ರಿಯಾಪದ ‘ಅಲ್ಲೆಗೊರೆಯೊ’. ಒಂದನ್ನು ಹೇಳಿ ಬೇರೊಂದನ್ನು ಸೂಚಿಸು ಎಂದರ್ಥ. ಇಡೀ ಹೊಸ ಒಡಂಬಡಿಕೆಯಲ್ಲಿ ಈ ಪದ ಇರುವುದು ಇಲ್ಲೊಂದೇ ಕಡೆ. ಮುಂದೆ ‘ಅಲೆಗರಿ’ ಎಂಬ ಓದಿನ ಕ್ರಮಕ್ಕೆ ಕ್ರೈಸ್ತರಲ್ಲಿ ದೊರೆತ ಅಪೋಸ್ತಲಿಕ ಅನುಮತಿ ಈ ಒಂದೇ ಪದ.

ಈ ಓದಿನಲ್ಲಿ ಬಿರುಕುಗಳೂ ಇವೆ. ಸುನ್ನತಿಯನ್ನು ದಾಸತ್ವದ ಗುರುತೆನ್ನುವ ಪೌಲ, ಆದಿಕಾಂಡದಲ್ಲಿ ಇಸ್ಮಾಯಿಲರ ಸುನ್ನತಿಯ ದಿನವೇ ಇಬ್ರಾಹೀಮರ ಸುನ್ನತಿಯೂ ಆಯಿತು ಎಂಬುದನ್ನು ಎತ್ತುವುದಿಲ್ಲ. ಇಸ್‌ಹಾಕರಿಗೆ ಎಂಟನೇ ದಿನದಲ್ಲಿ ಸುನ್ನತಿಯಾದದ್ದನ್ನೂ ಎತ್ತುವುದಿಲ್ಲ. ದಾಸಿಯನ್ನು ಹೊರಗಟ್ಟು ಎಂಬುದು ಮೂಲದಲ್ಲಿ ಸಿಟ್ಟಾದ ಒಬ್ಬ ಒಡತಿಯ ಮಾತು. ಪೌಲನಲ್ಲಿ ಅದು ‘ಶಾಸ್ತ್ರ ಹೇಳುವ ಮಾತು’ ಆಗುತ್ತದೆ. ಇಬ್ರಾಹೀಮರ ಸಂಕಟ, ದಾಸಿಯ ಮಗನಿಗೂ ಕೊಟ್ಟ ವಾಗ್ದಾನ ಎರಡೂ ಬಿಟ್ಟುಹೋಗುತ್ತವೆ. ಹಾಜಿರಾ ಎಂದರೆ ಅರೇಬಿಯದ ಸೀನಾಯ್ ಬೆಟ್ಟ ಎಂಬ ವಾಕ್ಯವಂತೂ ಹಳೆಯ ಹಸ್ತಪ್ರತಿಗಳಲ್ಲೇ ಒಂದೇ ತೆರನಾಗಿಲ್ಲ. ಕೆಲವು ಪ್ರತಿಗಳಲ್ಲಿ ಹಾಜಿರಾರ ಹೆಸರೇ ಇಲ್ಲದೆ, ಸೀನಾಯ್ ಅರೇಬಿಯದ ಒಂದು ಬೆಟ್ಟ ಎಂದಷ್ಟೇ ಇದೆ. ಪ್ರತಿ ಮಾಡುವವರೇ ಇಲ್ಲಿ ಎಡವಿದ್ದಾರೆ.

ಆದರೂ ಪೌಲನಿಗೆ ನ್ಯಾಯ ಸಲ್ಲಿಸಬೇಕು. ಅವನು ಯಹೂದಿ ಜನಾಂಗದ ವಿರುದ್ಧ ಹೊರಗಿನಿಂದ ಕಲ್ಲೆಸೆಯುತ್ತಿರಲಿಲ್ಲ. ಅವನೇ ಯಹೂದಿ, ಫರಿಸಾಯರ ಮತದಲ್ಲಿ ಬೆಳೆದವನು. ಜಗಳ ಒಂದು ಮನೆಯ ಒಳಗಿನದು. ಹೊಸಬರು ಒಳಗೆ ಬರಲು ಯಾವ ಬಾಗಿಲಿನಿಂದ ಬರಬೇಕು ಎಂಬುದಷ್ಟೇ ಪ್ರಶ್ನೆ. ಅದೇ ಪತ್ರದ ಮೂರನೇ ಅಧ್ಯಾಯದಲ್ಲಿ ಕ್ರಿಸ್ತನಲ್ಲಿ ಯೆಹೂದ್ಯನು, ಗ್ರೀಕನು, ದಾಸನು, ಸ್ವತಂತ್ರನು ಎಂಬ ಭೇದವಿಲ್ಲ ಎಂದು ಅವನು ಬರೆದಿದ್ದಾನೆ. ಐದನೇ ಅಧ್ಯಾಯದಲ್ಲಿ ಸ್ವಾತಂತ್ರ್ಯವನ್ನು ಮನಬಂದಂತೆ ಬಳಸಬೇಡಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ ಎನ್ನುವಾಗ ಅವನು ಆರಿಸಿದ ಗ್ರೀಕ್ ಕ್ರಿಯಾಪದ ದಾಸನಾಗಿ ದುಡಿಯುವುದಕ್ಕೆ ಬಳಸುವಂಥದು. ಹಾಜಿರಾರನ್ನು ಹೊರಗಟ್ಟಿದ ಲೇಖನಿಯೇ ಪುಟ ತಿರುಗುವಷ್ಟರಲ್ಲಿ ದಾಸತ್ವವನ್ನು ಹೊಗಳಿತು.

ಕನ್ನಡ ಬೈಬಲಿನಲ್ಲಿ ಈ ಪತ್ರಿಕೆಯನ್ನು ಓದುವವರಿಗೆ ಒಂದು ವಿಶೇಷ ಎದುರಾಗುತ್ತದೆ. ಗ್ರೀಕಿನ ‘ನೊಮೊಸ್’ ಇಲ್ಲಿ ‘ಧರ್ಮಶಾಸ್ತ್ರ’ವಾಗಿದೆ, ಕನ್ನಡಿಗನಿಗೆ ಆ ಪದ ಕೇಳಿದೊಡನೆ ಮನುವಿನ ನೆನಪಾಗದೆ ಇರದು. ಪಕ್ಕದಲ್ಲೇ ‘ಸುನ್ನತಿ’ ಇದೆ. ಅರಬಿಯಿಂದ ಮುಸ್ಲಿಮರ ಬಾಯಿಯ ಮೂಲಕ ಕನ್ನಡಕ್ಕೆ ಬಂದ ಪದ. ಒಬ್ಬ ಯಹೂದಿ ಗ್ರೀಕ್ ಭಾಷೆಯಲ್ಲಿ ಟರ್ಕಿಯ ಜನರಿಗೆ ಬರೆದ ಪತ್ರವನ್ನು ಕನ್ನಡಕ್ಕೆ ತರುವಾಗ ಒಂದು ಕೈಯಲ್ಲಿ ಸಂಸ್ಕೃತವನ್ನೂ ಇನ್ನೊಂದು ಕೈಯಲ್ಲಿ ಅರಬಿಯನ್ನೂ ಹಿಡಿಯಬೇಕಾಯಿತು.

ಪೌಲನಿಗಿಂತ ತುಸು ಹಿರಿಯನಾದ ಒಬ್ಬ ಯಹೂದಿ ತತ್ವಜ್ಞಾನಿ ಇದೇ ಇಬ್ಬರು ಸ್ತ್ರೀಯರನ್ನು ಸಂಕೇತವಾಗಿ ಓದಿದ್ದ. ಅವನು ಅಲೆಕ್ಸಾಂಡ್ರಿಯದ ಫಿಲೋ. ಅವನ ಓದಿನಲ್ಲಿ ದ್ವೇಷವಿಲ್ಲ. ಹಾಜಿರಾ ಎಂದರೆ ವ್ಯಾಕರಣ, ರೇಖಾಗಣಿತ, ಸಂಗೀತ ಮುಂತಾದ ಪ್ರಾಥಮಿಕ ವಿದ್ಯೆಗಳು. ಸಾರಾ ಎಂದರೆ ಜ್ಞಾನ. ಮೊದಲು ದಾಸಿಯ ಬಳಿ ಕಲಿಯದವನಿಗೆ ಒಡತಿಯಲ್ಲಿ ಸಂತಾನವಾಗದು. ಕ್ರೈಸ್ತ ಗುರು ಕ್ಲೆಮೆಂಟ್ ಇದನ್ನು ಹಾಗೆಯೇ ಎತ್ತಿಕೊಂಡು ಗ್ರೀಕ್ ತತ್ವಶಾಸ್ತ್ರವನ್ನು ಕ್ರೈಸ್ತ ವಿದ್ಯೆಯ ದಾಸಿಯೆಂದು ಕರೆದ. ಆದರೆ ಚರ್ಚಿನಲ್ಲಿ ಉಳಿದು ಬೆಳೆದದ್ದು ಫಿಲೋನ ಓದಲ್ಲ, ಪೌಲನದ್ದು.

ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬ ಹಡಗಿನ ವ್ಯಾಪಾರಿ ರೋಮಿನಲ್ಲಿ ಹಳೆಯ ಒಡಂಬಡಿಕೆಯನ್ನೇ ತಿರಸ್ಕರಿಸಿದ. ಶಾಸನ ಕೊಟ್ಟ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಎಂದ. ಪೌಲನ ಪತ್ರಗಳಿಂದ ಯಹೂದಿ ವಾಸನೆಯಿದ್ದ ಭಾಗಗಳನ್ನು ಕತ್ತರಿಸಿದ. ಆದರೆ ಈ ದಾಸಿ ಮತ್ತು ಸ್ವತಂತ್ರಳ ಭಾಗವನ್ನು ಉಳಿಸಿಕೊಂಡಿದ್ದ ಎಂದು ಅವನ ವಿರೋಧಿ ತೆರ್ತುಲಿಯನ್ ಬರೆದಿದ್ದಾನೆ. ಕಳ್ಳನ ಗಂಟಿನಿಂದ ಏನಾದರೂ ಬಿದ್ದೇ ಬೀಳುತ್ತದೆ ಎಂಬ ಧಾಟಿಯಲ್ಲಿ ಗೇಲಿಯನ್ನೂ ಮಾಡಿದ್ದಾನೆ. ಚರ್ಚ್ ಮಾರ್ಸಿಯನ್‌ನನ್ನು 144ರಲ್ಲಿ ದೂರವಿಟ್ಟಿತು. ಹಳೆಯ ಗ್ರಂಥವನ್ನು ಬಿಡುವುದಿಲ್ಲ, ಹಾಗೆಂದು ಅದರ ವಿಧಿಗಳನ್ನು ಅಕ್ಷರಶಃ ಪಾಲಿಸುವುದೂ ಇಲ್ಲ ಎಂಬ ನಿಲುವು ಗಟ್ಟಿಯಾಯಿತು. ಗ್ರಂಥ ಬೇಕು, ಕಾನೂನು ಬೇಡ. ಎರಡನ್ನೂ ಸಾಧಿಸಲು ಅಲೆಗರಿ ಅನಿವಾರ್ಯವಾಯಿತು.

ಆ ಕೆಲಸವನ್ನು ಯಾರಿಗಿಂತಲೂ ಹೆಚ್ಚು ಮಾಡಿದವನು ಒರಿಜೆನ್ (ಸುಮಾರು 185–254). ಮನುಷ್ಯನಿಗೆ ಶರೀರ, ಪ್ರಾಣ, ಆತ್ಮ ಇರುವಂತೆ ಗ್ರಂಥಕ್ಕೂ ಮೂರು ಸ್ತರಗಳಿವೆ ಎಂದ ಅವನು, ತನ್ನ ಕ್ರಮಕ್ಕೆ ಆಧಾರವಾಗಿ ಗಲಾತ್ಯದ ಈ ವಚನಗಳನ್ನು ಮತ್ತೆಮತ್ತೆ ಮುಂದಿಟ್ಟ. ಆದಿಕಾಂಡದ ಬಗ್ಗೆ ಅವನು ಮಾಡಿದ ಪ್ರವಚನಗಳು ಲ್ಯಾಟಿನ್ ಅನುವಾದದಲ್ಲಿ ಉಳಿದಿವೆ. ಕಾಡಿನಲ್ಲಿ ದೇವರು ಹಾಜಿರಾರ ಕಣ್ಣು ತೆರೆದಾಗ ಅವರಿಗೆ ಬಾವಿ ಕಾಣಿಸಿತು ಎಂಬ ಘಟನೆಯನ್ನು ವಿವರಿಸುತ್ತಾ, ಯಹೂದಿಗಳು ಗ್ರಂಥವೆಂಬ ಬಾವಿಯ ಪಕ್ಕದಲ್ಲೇ ಕುಳಿತು ಬಾಯಾರಿದ್ದಾರೆ ಎನ್ನುತ್ತಾನೆ. ಇಷ್ಟು ನಾವು ನಿರೀಕ್ಷಿಸಿದ್ದೇ. ಆದರೆ ಅವನು ಅಲ್ಲಿಗೆ ನಿಲ್ಲಿಸುವುದಿಲ್ಲ: ನಾವೂ ಎಷ್ಟೋ ಸಲ ಆ ಬಾವಿಯ ಸುತ್ತ ಬಿದ್ದುಕೊಂಡು ದಾರಿ ತಪ್ಪುತ್ತೇವೆ ಎಂದು ತನ್ನ ಸಭಿಕರತ್ತ ತಿರುಗುತ್ತಾನೆ. ದಾಸತ್ವ ಎಂಬುದು ಇನ್ನೊಂದು ಜನಾಂಗದ ಹೆಸರಲ್ಲ, ಓದುವವನ ಕಣ್ಣಿನ ಸ್ಥಿತಿ ಎಂಬ ಅರ್ಥ ಇಲ್ಲಿ ಒಂದು ಕ್ಷಣ ಮಿಂಚುತ್ತದೆ.

ಎಲ್ಲರೂ ಇದನ್ನು ಒಪ್ಪಲಿಲ್ಲ. ಅಂತಿಯೋಕ್ಯದ ಪಂಡಿತರು ಅಲೆಗರಿಯನ್ನು ಅನುಮಾನದಿಂದ ಕಂಡರು. ಪೌಲ ಅಲೆಗರಿ ಎಂಬ ಪದವನ್ನು ಸಡಿಲವಾಗಿ ಬಳಸಿದ್ದಾನೆ ಅಷ್ಟೆ ಎಂದ ಕ್ರಿಸೊಸ್ತೊಮ್. ಮೊಪ್ಸುಎಸ್ತಿಯದ ಥಿಯೊಡೋರ್ ಇನ್ನೂ ಕಟುವಾಗಿದ್ದ: ಈ ಒಂದು ಪದವನ್ನು ನೆವ ಮಾಡಿಕೊಂಡು ಜನರು ಗ್ರಂಥದ ಇತಿಹಾಸವನ್ನೇ ಕನಸಿನ ಕತೆಯಾಗಿಸುತ್ತಿದ್ದಾರೆ, ಹಾಜಿರಾ ಇದ್ದದ್ದು ನಿಜ, ಸಾರಾ ಇದ್ದದ್ದು ನಿಜ, ನಡೆದದ್ದು ನಡೆದೇ ಇದೆ ಎಂಬುದು ಅವನ ಆಕ್ಷೇಪದ ಸಾರ. ಅವನು ತೀರಿಕೊಂಡು ನೂರಕ್ಕೂ ಹೆಚ್ಚು ವರ್ಷಗಳ ನಂತರ, 553ರಲ್ಲಿ, ಚರ್ಚ್ ಅವನನ್ನು ಖಂಡಿಸಿತು. ಅವನ ಗಲಾತ್ಯ ವ್ಯಾಖ್ಯಾನ ಲ್ಯಾಟಿನಿನಲ್ಲಿ ಪೂರ್ತಿಯಾಗಿ ಉಳಿದದ್ದು ಸಂತ ಆಂಬ್ರೋಸನ ಹೆಸರಿನ ಮರೆಯಲ್ಲಿ! ಹಾಗೆಂದು ಅಕ್ಷರಾರ್ಥದ ಪಕ್ಷದವರೆಲ್ಲ ಉದಾರಿಗಳೆಂದು ತಿಳಿಯಬೇಕಿಲ್ಲ. ಸಿನಗಾಗಿಗೆ ಹೋಗಿ ಹಬ್ಬ ಆಚರಿಸುತ್ತಿದ್ದ ಕ್ರೈಸ್ತರನ್ನು ತಡೆಯಲು 386–387ರಲ್ಲಿ ಅಂತಿಯೋಕ್ಯದಲ್ಲಿ ಇದೇ ಕ್ರಿಸೊಸ್ತೊಮ್ ಮಾಡಿದ ಪ್ರವಚನಗಳು ಯಹೂದಿ ದ್ವೇಷದ ಚರಿತ್ರೆಯಲ್ಲಿ ಕುಖ್ಯಾತವಾಗಿವೆ.

ಈಗ ಆಗಸ್ಟೀನ್. ನಮ್ಮ ದೃಷ್ಟಿಯಲ್ಲಿ ಈ ಕತೆಯ ತಿರುವು ಇರುವುದು ಇಲ್ಲೇ. ಉತ್ತರ ಆಫ್ರಿಕದ ಕ್ರೈಸ್ತರು ಆಗ ಎರಡು ಹೋಳಾಗಿದ್ದರು. 303ರಲ್ಲಿ ಶುರುವಾದ ರೋಮನ್ ದಮನದ ಕಾಲದಲ್ಲಿ ಹೆದರಿ ಧರ್ಮಗ್ರಂಥಗಳನ್ನು ಸರಕಾರಕ್ಕೆ ಒಪ್ಪಿಸಿದ ಪಾದ್ರಿಗಳನ್ನು ಒಪ್ಪದ ಗುಂಪೇ ದೊನಾತಿಸ್ಟರು. ಸತ್ಯ ಸಭೆ ಹಿಂಸೆಗೊಳಗಾಗುತ್ತದೆ, ಹಿಂಸಿಸುವುದಿಲ್ಲ ಎಂಬುದು ಅವರ ನಂಬಿಕೆ. ಅವರಿಗೆ ಆಧಾರ ಪೌಲನಲ್ಲೇ ಇತ್ತು. ಶರೀರದಂತೆ ಹುಟ್ಟಿದವನು ಆತ್ಮದಂತೆ ಹುಟ್ಟಿದವನನ್ನು ಹಿಂಸಿಸಿದ, ಈಗಲೂ ಹಾಗೆಯೇ ಎಂದು ಅವನು ಇದೇ ಭಾಗದಲ್ಲಿ ಬರೆದಿದ್ದಾನೆ.

ಮತವನ್ನು ಬಲವಂತದಿಂದ ಹೇರಬಾರದು ಎಂದು ಆಗಸ್ಟೀನ್ ಮೊದಲು ಭಾವಿಸಿದ್ದ. ಬಳಿಕ ಮನಸ್ಸು ಬದಲಾಯಿತು. ಚಕ್ರವರ್ತಿಯ ಕಾನೂನುಗಳ ಭಯದಿಂದ ತನ್ನ ಊರೇ ಕಥೋಲಿಕವಾದದ್ದನ್ನು ಕಂಡು ಒಪ್ಪಿಕೊಂಡೆ ಎಂದು ಅವನೇ ಒಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆದರೆ ಹಿಂಸಿಸುವ ಸಭೆ ಸತ್ಯಸಭೆಯಾಗುವುದು ಹೇಗೆ? ಸೇನಾಧಿಕಾರಿ ಬೋನಿಫೇಸನಿಗೆ ಸುಮಾರು 417ರಲ್ಲಿ ಬರೆದ ಪತ್ರದಲ್ಲಿ ಅವನು ಉತ್ತರ ಕೊಡುತ್ತಾನೆ: ಸಾರಾ ತನ್ನ ದಾಸಿಯನ್ನು ಕಾಡಿದಾಗ ಸಾರಾ ಯಾರ ಸಂಕೇತವಾಗಿದ್ದಳು ಎಂದು ಪೌಲನನ್ನೇ ಕೇಳಿ. ಸ್ವತಂತ್ರಳಾದ ಸಭೆಯ ಸಂಕೇತ. ಹಾಗಾದರೆ ಕಾಡಿದವಳು ಸಭೆಯೇ. ಕಾಡಿಸಿಕೊಂಡವಳಿಗಿಂತ ಕಾಡಿದವಳೇ ನೀತಿವಂತೆ, ಏಕೆಂದರೆ ಅವಳು ಮಾಡಿದ್ದು ಶಿಕ್ಷಣ, ಇವಳು ತೋರಿಸಿದ್ದು ಸೊಕ್ಕು.

ಎಷ್ಟು ಸರಳವಾದ ಕೈಚಳಕ! ಪೌಲನಲ್ಲಿ ಹಿಂಸಿಸಿದವನು ಇಸ್ಮಾಯಿಲ್. ಆಗಸ್ಟೀನನಲ್ಲಿ ಹಿಂಸಿಸಿದವಳು ಸಾರಾ, ಮತ್ತು ಅದು ಸರಿ. ಪೌಲ ಆದಿಕಾಂಡದಿಂದ ಬಿಟ್ಟುಬಿಟ್ಟಿದ್ದ ಒಡತಿಯ ಕಾಟವನ್ನು ಆಗಸ್ಟೀನ್ ಹುಡುಕಿ ತಂದ, ಆದರೆ ದಾಸಿಯ ಕಣ್ಣೀರಿಗಾಗಿ ಅಲ್ಲ. 411ರಲ್ಲಿ ಕಾರ್ತೇಜಿನಲ್ಲಿ ಎರಡೂ ಕಡೆಯಿಂದ 280ಕ್ಕೂ ಹೆಚ್ಚು ಬಿಷಪರು ಸೇರಿ ಸರಕಾರಿ ಅಧಿಕಾರಿಯ ಎದುರು ವಾದಿಸಿದ್ದರು. ತೀರ್ಪು ದೊನಾತಿಸ್ಟರ ವಿರುದ್ಧ ಬಂದಿತ್ತು. 412ರ ಕಾನೂನು ಅಂತಸ್ತಿಗೆ ತಕ್ಕಂತೆ ದಂಡ ವಿಧಿಸಿತು. ಅದರಲ್ಲಿ ದಾಸರನ್ನು ಯಜಮಾನರು ಎಚ್ಚರಿಸಿ ತಿದ್ದಬೇಕು, ಜಮೀನಿನ ಒಕ್ಕಲುಗಳನ್ನು ಹೊಡೆತಗಳಿಂದ ತಿದ್ದಬೇಕು ಎಂದಿತ್ತು. ಹೀಗೆ ದಾಸಿಯ ದೃಷ್ಟಾಂತ ನಿಜವಾದ ದಾಸರ ಬೆನ್ನಿನ ತನಕ ಬಂತು. ಅಲೆಗರಿಯನ್ನು ಪುಸ್ತಕದ ಆಟ ಎಂದು ತಳ್ಳಿಹಾಕುವವರು ಈ ಪ್ರಕರಣವನ್ನು ಗಮನಿಸಬೇಕು.

ಇಷ್ಟರಲ್ಲಿ ಅರಬರ ಹೆಸರೂ ಈ ಸುಳಿಗೆ ಸಿಕ್ಕಿತ್ತು. ಪ್ರವಾದಿ ಮುಹಮ್ಮದ್(ಸ)ರ ಜನನಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ಸೊಜೊಮೆನ್ ಎಂಬ ಚರ್ಚ್ ಚರಿತ್ರೆಕಾರ, ಸಾರಸೆನರು ಇಸ್ಮಾಯಿಲರ ವಂಶದವರು, ದಾಸಿಯ ಮಕ್ಕಳೆಂಬ ಕಳಂಕ ಮುಚ್ಚಲು ಸಾರಾರ ಹೆಸರು ಇಟ್ಟುಕೊಂಡರು ಎಂದು ಬರೆದ. ಅವರು ಸುನ್ನತಿ ಮಾಡಿಸಿಕೊಳ್ಳುತ್ತಾರೆ, ಹಂದಿ ಮಾಂಸ ತಿನ್ನುವುದಿಲ್ಲ ಎಂಬುದನ್ನೂ ಅವನು ದಾಖಲಿಸಿದ್ದಾನೆ. ಸಾರಸೆನ್ ಎಂಬುದು ಹೊರಗಿನವರು ಅರಬರಿಗೆ ಇಟ್ಟ ಹೆಸರು, ಅರಬರು ತಮ್ಮನ್ನು ಎಂದೂ ಹಾಗೆ ಕರೆದುಕೊಂಡವರಲ್ಲ. ಆದರೂ ಕಳ್ಳಹೆಸರಿನ ಆರೋಪ ಸಾವಿರ ವರ್ಷ ಓಡಿತು. ಎಂಟನೇ ಶತಮಾನದಲ್ಲಿ ಉಮಯ್ಯಾ ಆಳ್ವಿಕೆಯಡಿ ಬೆಳೆದ ದಮಾಸ್ಕಸಿನ ಯೋಹಾನ ಮುಸ್ಲಿಮರನ್ನು ‘ಹಗರೇನರು’ ಎಂದು ಕರೆದ. ಏಳನೇ ಶತಮಾನದ ಗ್ರೀಕ್ ಮತ್ತು ಸಿರಿಯಾಕ್ ದಾಖಲೆಗಳಲ್ಲಿ ಮುಸ್ಲಿಮರಿಗೆ ಬಳಸಿದ ಇದನ್ನೇ ಹೋಲುವ ಪದಗಳ ಹಿಂದೆ ಅರಬಿಯ ‘ಮುಹಾಜಿರ್’ ಇದೆ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಹಿಜ್ರತ್ ಮಾಡಿದವರು ಎಂದು ಇವರು ಹೆಮ್ಮೆಯಿಂದ ಹೇಳಿಕೊಂಡದ್ದು ಅವರ ಕಿವಿಗೆ ದಾಸಿಯ ಮಕ್ಕಳು ಎಂದು ಕೇಳಿಸಿರಬೇಕು.

ಯಹೂದಿಗಳ ಪಾಲಿಗೆ ಈ ದೃಷ್ಟಾಂತ ಕಾನೂನಿನ ಭಾಷೆಯಾಗಿಯೇ ಬಂತು. 1205ರಲ್ಲಿ ಪೋಪ್ ಮೂರನೇ ಇನ್ನೊಸೆಂಟ್, ಯಹೂದಿಗಳು ನಿರಂತರ ದಾಸತ್ವಕ್ಕೆ ಒಳಗಾದವರು, ಸ್ವತಂತ್ರಳ ಮಕ್ಕಳು ದಾಸಿಯ ಮಕ್ಕಳ ಸೇವೆ ಮಾಡಕೂಡದು ಎಂಬರ್ಥದಲ್ಲಿ ಬರೆದು, ಕ್ರೈಸ್ತ ದಾದಿಯರು ಯಹೂದಿ ಮನೆಗಳಲ್ಲಿ ಇರುವುದನ್ನು ವಿರೋಧಿಸಿದ. 1234ರಲ್ಲಿ ಇದು ಚರ್ಚಿನ ಅಧಿಕೃತ ಕಾನೂನು ಸಂಗ್ರಹವನ್ನು ಸೇರಿತು. 1236ರಲ್ಲಿ ಚಕ್ರವರ್ತಿ ಎರಡನೇ ಫ್ರೆಡೆರಿಕ್ ಜರ್ಮನಿಯ ಯಹೂದಿಗಳೆಲ್ಲರನ್ನೂ ತನ್ನ ಖಜಾನೆಯ ದಾಸರೆಂದು ಘೋಷಿಸಿದ. ರಕ್ಷಣೆಯ ಹೆಸರಿನಲ್ಲಿ ತೆರಿಗೆ ಹಿಂಡುವುದಕ್ಕೆ ಅದು ಅನುಕೂಲವಾಯಿತು. ಧರ್ಮಶಾಸ್ತ್ರದಿಂದ ಬಿಡುಗಡೆ ಸಾರಿದ ವಚನಗಳು ಧರ್ಮಶಾಸ್ತ್ರದ ಒಂದು ಕಲಮಾಗಿ ಕುಳಿತವು. ಪೌಲ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದನೋ.

ಅದೇ ಶತಮಾನದಲ್ಲಿ ಸ್ಪೇನಿನ ಗಿರೋನಾದಲ್ಲಿ ಒಬ್ಬ ಯಹೂದಿ ಪಂಡಿತನಿದ್ದ, ನಹ್ಮನಿದಿಸ್. 1263ರಲ್ಲಿ ಬಾರ್ಸಿಲೋನಾದಲ್ಲಿ ರಾಜನ ಎದುರು ಕ್ರೈಸ್ತರೊಂದಿಗೆ ವಾದ ಮಾಡಬೇಕಾಗಿ ಬಂದು, ಅದರ ಫಲವಾಗಿ ದೇಶ ಬಿಟ್ಟು, 1267ರಲ್ಲಿ ಯೆರೂಸಲೇಮ್ ಸೇರಿದವನು. ಆದಿಕಾಂಡದ ವ್ಯಾಖ್ಯಾನದಲ್ಲಿ ಅವನು ಯಾವ ಮುಲಾಜೂ ಇಲ್ಲದೆ ಬರೆಯುತ್ತಾನೆ: ನಮ್ಮ ತಾಯಿ ಸಾರಾ ದಾಸಿಯನ್ನು ಕಾಡಿ ಪಾಪ ಮಾಡಿದಳು, ಹಾಗೆ ಮಾಡಲು ಬಿಟ್ಟ ಇಬ್ರಾಹೀಮನೂ ಪಾಪ ಮಾಡಿದ, ದೇವರು ದಾಸಿಯ ಸಂಕಟವನ್ನು ಕೇಳಿದ. ಆ ಕಾಟದ ಫಲವನ್ನು ಸಾರಾರ ಸಂತತಿ ಹಾಜಿರಾರ ಸಂತತಿಯ ಕೈಯಲ್ಲಿ ಅನುಭವಿಸುತ್ತಿದೆ ಎಂಬ ಮಾತನ್ನೂ ಸೇರಿಸಿದ್ದಾನೆ. ಅದು ಇಸ್ಮಾಯಿಲರ ಮಕ್ಕಳಿಗೆ ಹೊಗಳಿಕೆಯೇನಲ್ಲ. ಆದರೂ ಪೋಪರ ಕಾನೂನಿನಲ್ಲಿ ದಾಸಿಯ ಮಗನೆನಿಸಿಕೊಂಡವನು, ತಾನು ಸಾರಾರ ಮಗನೆಂದು ದೃಢವಾಗಿ ನಂಬಿದ್ದವನು, ತನ್ನ ತಾಯಿಯ ತಪ್ಪನ್ನು ಎತ್ತಿ ಹೇಳಿದ. ಅಲೆಗರಿಯ ನೆರವಿಲ್ಲದೆ, ಕತೆಯನ್ನು ಕತೆಯಾಗಿ ಓದಿದ್ದರಿಂದ ಅವನಿಗೆ ಇದು ಕಂಡಿತು.

ಮಾರ್ಟಿನ್ ಲೂಥರನಿಗೆ ಗಲಾತ್ಯದ ಪತ್ರಿಕೆ ಎಂದರೆ ಪ್ರಾಣ. ಅದನ್ನು ತನ್ನ ಹೆಂಡತಿ ಕಾಥರೀನಳಿಗೆ ಹೋಲಿಸಿದ್ದ. 1519ರಲ್ಲಿ ಒಂದು ವ್ಯಾಖ್ಯಾನ, 1535ರಲ್ಲಿ ಇನ್ನೂ ದೊಡ್ಡದೊಂದು ಅಚ್ಚಾದವು. ಅಲೆಗರಿ ಗೋಡೆಗೆ ಬರೆದ ಚಿತ್ರದಂತೆ, ಮನೆ ಕಟ್ಟಿದ ಮೇಲೆ ಅಲಂಕಾರಕ್ಕೆ ಸರಿ, ಅಡಿಪಾಯಕ್ಕೆ ಬರುವುದಿಲ್ಲ ಎಂಬುದು ಅವನ ನಿಲುವು. ಆದರೂ ಈ ಚಿತ್ರವನ್ನು ಅವನು ಬಿಡಲಿಲ್ಲ. ಈಗ ದಾಸಿಯ ಮಗ ಪೋಪನ ಚರ್ಚ್. ಉಪವಾಸ, ಹರಕೆ, ಮಠದ ನಿಯಮಗಳಿಂದ ದೇವರನ್ನು ಮೆಚ್ಚಿಸಲು ಹೊರಟವರು. ಸಾವಿರ ವರ್ಷ ಇತರರನ್ನು ದಾಸಿಯ ಮಕ್ಕಳೆಂದವರಿಗೇ ಆ ಹೆಸರು ತಿರುಗಿ ಬಂತು. ಆ ಪಟ್ಟಿಯಲ್ಲಿ ಯಹೂದಿಗಳೂ ತುರ್ಕರೂ ಇದ್ದೇ ಇದ್ದರು. ‘ತುರ್ಕ’ ಎಂದರೆ ಲೂಥರನ ಭಾಷೆಯಲ್ಲಿ ಮುಸ್ಲಿಮ್. 1543ರಲ್ಲಿ ಅವನು ಯಹೂದಿಗಳ ವಿರುದ್ಧ ಬರೆದ ಪುಸ್ತಕವಂತೂ ಜರ್ಮನಿಗೆ ಅವನು ಬಿಟ್ಟುಹೋದ ಅತಿ ಕೆಟ್ಟ ಆಸ್ತಿ.

1520ರಲ್ಲಿ ಲೂಥರ್ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದಿದ್ದ. ಅದರ ಸದ್ದು ಹೊಲಗಳಿಗೂ ಮುಟ್ಟಿತು. 1525ರ ಮಾರ್ಚಿನಲ್ಲಿ ಮೆಮ್ಮಿಂಗೆನ್ ಪಟ್ಟಣದಲ್ಲಿ ಸೇರಿದ ರೈತರು ಹನ್ನೆರಡು ಬೇಡಿಕೆಗಳನ್ನು ಬರೆದರು. ಮೂರನೆಯದು ಜೀತದ ಬಗ್ಗೆ: ಕ್ರಿಸ್ತ ತನ್ನ ರಕ್ತದಿಂದ ದನಗಾಹಿಯನ್ನೂ ದೊರೆಯನ್ನೂ ಸಮಾನವಾಗಿ ಬಿಡಿಸಿರುವಾಗ ನಮ್ಮನ್ನು ಇವರು ತಮ್ಮ ಸೊತ್ತೆಂದು ಇಟ್ಟುಕೊಳ್ಳುವುದು ಹೇಗೆ? ರೈತರು ಕೇಳಿದ್ದು ನ್ಯಾಯವಾಗಿತ್ತು, ಕೇಳಿದ ರೀತಿಯೂ ವಿನಯದ್ದಾಗಿತ್ತು. ಒಡೆಯರ ಲೋಭವನ್ನು ಲೂಥರನೂ ಬೈದ. ಆದರೆ ಈ ಮೂರನೇ ಬೇಡಿಕೆಗೆ ಅವನು ಕೊಟ್ಟ ಉತ್ತರ, ಇದು ಕ್ರೈಸ್ತ ಸ್ವಾತಂತ್ರ್ಯವನ್ನು ಪೂರ್ತಿ ಶಾರೀರಿಕವಾಗಿ ಮಾಡುವುದು ಎಂದು. ಅದಕ್ಕೆ ಅವನು ತಂದ ಸಾಕ್ಷಿ ಯಾರು? ಇಬ್ರಾಹೀಮ್! ಇಬ್ರಾಹೀಮರೂ ಇತರ ಪಿತೃಗಳೂ ದಾಸರನ್ನು ಇಟ್ಟುಕೊಂಡಿರಲಿಲ್ಲವೇ ಎಂದು ಅವನು ಕೇಳಿದ. ಅಲೆಗರಿಯಲ್ಲಿ ದಾಸಿಯನ್ನು ಬೆಟ್ಟವಾಗಿಯೂ ಪೋಪನಾಗಿಯೂ ಕಂಡವನಿಗೆ ರೈತನ ಮುಂದೆ ಬಂದಾಗ ಮಾತ್ರ ದಾಸಿ ಬರೀ ದಾಸಿಯಾದಳು. ಮೇ ತಿಂಗಳಲ್ಲಿ ಅವನು ದಂಗೆಯೆದ್ದ ರೈತರನ್ನು ಕೊಲ್ಲಲು ದೊರೆಗಳಿಗೆ ಕರೆ ಕೊಟ್ಟ. ಹತ್ತಾರು ಸಾವಿರ ಜನ ಸತ್ತರು.

ಲೂಥರನನ್ನು ಇಷ್ಟಕ್ಕೇ ಅಳೆಯಬಾರದು ಎಂದು ನಮ್ಮ ಕ್ರೈಸ್ತ ಮಿತ್ರರು ಹೇಳಬಹುದು. ಆ ಮಾತು ಸರಿಯೇ. ದೇವರ ಮುಂದೆ ಮನುಷ್ಯ ಲೆಕ್ಕಪತ್ರ ಹಿಡಿದು ನಿಲ್ಲಬೇಕಿಲ್ಲ ಎಂಬ ಅವನ ಓದು ಲಕ್ಷಾಂತರ ಜನರ ಎದೆಯ ಭಾರ ಇಳಿಸಿದೆ. ನಾವು ಕೇಳುವುದಿಷ್ಟೇ: ಒಳಗಿನ ಸ್ವಾತಂತ್ರ್ಯಕ್ಕೂ ಹೊರಗಿನ ಸಂಕೋಲೆಗೂ ನಡುವೆ ಗೋಡೆ ಕಟ್ಟಿದಾಗ, ಆ ಗೋಡೆಯ ಯಾವ ಬದಿಯಲ್ಲಿ ಯಾರು ನಿಂತಿದ್ದರು? ಇದು ಕ್ರೈಸ್ತರಿಗೆ ಮಾತ್ರ ಹಾಕಬೇಕಾದ ಪ್ರಶ್ನೆಯಲ್ಲ. ವಿಧಿಗಳನ್ನು ಪಾಲಿಸುವವರು ದಾಸರು, ತಾವು ಆತ್ಮದ ಮಕ್ಕಳು ಎನ್ನುವ ಗುಂಪೂ, ಅದಕ್ಕೆ ತಿರುಗಿ ವಿಧಿಗಳಾಚೆ ಏನನ್ನೂ ಕಾಣದ ಗುಂಪೂ ನಮ್ಮ ಮಸೀದಿಯ ಅಂಗಳದಲ್ಲೂ ಇವೆ.

ಅಮೆರಿಕದಲ್ಲಿ ಗುಲಾಮಗಿರಿಯ ಪರ ವಾದಿಸಿದ ಪಾದ್ರಿಗಳಿಗೆ ಅಲೆಗರಿಯೇ ಬೇಕಿರಲಿಲ್ಲ. ಒಡತಿಯ ಬಳಿಗೆ ಹಿಂದಿರುಗು ಎಂದು ದೇವದೂತ ಹಾಜಿರಾರಿಗೆ ಹೇಳಿದ ಒಂದು ವಚನ ಸಾಕಾಯಿತು. ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸಬೇಕೆಂಬ 1850ರ ಕಾನೂನಿನ ಕಾಲದಲ್ಲಿ ಆ ವಚನಕ್ಕೆ ವಿಶೇಷ ಬೇಡಿಕೆ. ಆದರೆ ಕರಿಯ ಜನ ಆ ಹೆಸರನ್ನು ಬೇರೆ ರೀತಿಯಲ್ಲಿ ಕೇಳಿಸಿಕೊಂಡರು. ಒಡತಿಯ ಗಂಡನಿಗೆ ಮಗನನ್ನು ಹೆರಬೇಕಾಗಿ ಬಂದ ಆಫ್ರಿಕದ ದಾಸಿ, ಮಗನೊಂದಿಗೆ ಬೀದಿಗೆ ಬಿದ್ದವಳು. ಇದು ಅವರ ಅಜ್ಜಿಯರ ಕತೆಯೇ ಆಗಿತ್ತು. ತಮ್ಮನ್ನು ಅವರು ‘ಹಾಗರತ್ತೆಯ ಮಕ್ಕಳು’ ಎಂದು ಕರೆದುಕೊಂಡರು. ಡಬ್ಲ್ಯೂ. ಸಿ. ಹ್ಯಾಂಡಿ 1920ರ ದಶಕದ ಆರಂಭದಲ್ಲಿ ಆ ಹೆಸರಿನಲ್ಲಿ ಒಂದು ಬ್ಲೂಸ್ ಹಾಡನ್ನೇ ಕಟ್ಟಿದ.

ಇಪ್ಪತ್ತನೇ ಶತಮಾನದಲ್ಲಿ ಕ್ರೈಸ್ತ ವಿದ್ವತ್ತು ಪೌಲನನ್ನು ಮತ್ತೆ ಓದಿತು. ಯುರೋಪಿನ ಯಹೂದಿ ನರಮೇಧದ ನಂತರ ಹಳೆಯ ಓದನ್ನು ಹಾಗೆಯೇ ಮುಂದುವರಿಸುವುದು ಸಾಧ್ಯವಿರಲಿಲ್ಲ. 1965ರ ಅಕ್ಟೋಬರಿನಲ್ಲಿ ಎರಡನೇ ವ್ಯಾಟಿಕನ್ ಸಭೆ ಯಹೂದಿಗಳನ್ನು ದೇವರಿಂದ ತಿರಸ್ಕೃತರೆಂದು ಚಿತ್ರಿಸಬಾರದು ಎಂದಿತು. ಅದೇ ಘೋಷಣೆಯಲ್ಲಿ ಮುಸ್ಲಿಮರ ಬಗ್ಗೆಯೂ ಗೌರವದ ಮಾತುಗಳಿವೆ. 1977ರಲ್ಲಿ ಇ. ಪಿ. ಸ್ಯಾಂಡರ್ಸ್, ಪೌಲನ ಕಾಲದ ಯಹೂದಿ ಧರ್ಮ ಪುಣ್ಯದ ಲೆಕ್ಕ ಬರೆಯುವ ಒಣ ಕಾನೂನಾಗಿರಲಿಲ್ಲ, ಅದರ ತಳದಲ್ಲಿ ದೇವರ ಕೃಪೆಯೇ ಇತ್ತು ಎಂದು ವಿವರವಾಗಿ ತೋರಿಸಿದರು. 1997ರ ತಮ್ಮ ವ್ಯಾ‌ಖ್ಯಾನದಲ್ಲಿ ಜೆ. ಲೂಯಿಸ್ ಮಾರ್ಟಿನ್, ಹಾಜಿರಾ ಮತ್ತು ಸಾರಾ ಎಂದರೆ ಯಹೂದಿ ಧರ್ಮ ಮತ್ತು ಕ್ರೈಸ್ತ ಧರ್ಮ ಅಲ್ಲ, ಯಹೂದಿಯೇತರರ ನಡುವೆ ಕೆಲಸ ಮಾಡುತ್ತಿದ್ದ ಎರಡು ಕ್ರೈಸ್ತ ಪ್ರಚಾರ ಪಕ್ಷಗಳು ಎಂದು ವಾದಿಸಿದರು. ನಮಗೆ ಈ ವಾದ ಒಪ್ಪಿಗೆಯಾಗುತ್ತದೆ. ಆದರೆ ಅದು ಬರುವ ಹೊತ್ತಿಗೆ ಹತ್ತೊಂಬತ್ತು ಶತಮಾನಗಳು ಕಳೆದಿದ್ದವು.

ಹಾಜಿರಾರ ಪಕ್ಷದಿಂದ ಓದಿದವರು ಕರಿಯ ಕ್ರೈಸ್ತ ಮಹಿಳೆಯರು. ಡೆಲೋರಿಸ್ ವಿಲಿಯಮ್ಸ್ 1993ರಲ್ಲಿ ಪ್ರಕಟಿಸಿದ ಪುಸ್ತಕ ಇಡಿಯಾಗಿ ಈ ದಾಸಿಯ ಸುತ್ತ ಕಟ್ಟಿದ್ದು. ಬೈಬಲಿನ ದೇವರು ಎಲ್ಲ ದಾಸರನ್ನೂ ಬಿಡಿಸುತ್ತಾನೆ ಎಂದು ಬೀಗುವ ವಿಮೋಚನಾ ಪಂಡಿತರನ್ನು ಅವರು ಹಾಜಿರಾರ ಮುಂದೆ ನಿಲ್ಲಿಸಿದರು. ಅವಳಿಗೆ ದೇವರು ಮೊದಲು ಕೊಟ್ಟದ್ದು ಬಿಡುಗಡೆಯಲ್ಲ. ಬದುಕಿ ಉಳಿಯುವ ದಾರಿ, ಮಗುವಿಗೆ ಒಂದು ಭವಿಷ್ಯ.

ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯದಲ್ಲಿ ಹಾಜಿರಾರ ಒಂದು ಅಮೃತಶಿಲೆಯ ಪ್ರತಿಮೆ ಇದೆ. ಕೆತ್ತಿದವರು ಎಡ್ಮೋನಿಯಾ ಲೂಯಿಸ್, 1875ರಲ್ಲಿ. ಆಫ್ರಿಕನ್ ತಂದೆ ಮತ್ತು ಮೂಲನಿವಾಸಿ ಒಜಿಬ್ವೆ ಮನೆತನದ ತಾಯಿಗೆ ಹುಟ್ಟಿ, ರೋಮಿಗೆ ಹೋಗಿ ಶಿಲ್ಪಿಯಾದವರು. ಪ್ರತಿಮೆಯಲ್ಲಿ ಮಗುವಿಲ್ಲ, ದೇವದೂತನಿಲ್ಲ, ಇಬ್ರಾಹೀಮರ ಮನೆಯೂ ಇಲ್ಲ. ಕೈಗಳನ್ನು ಜೋಡಿಸಿ, ಮುಖ ಮೇಲೆತ್ತಿ ಒಬ್ಬ ಹೆಂಗಸು ಹೆಜ್ಜೆ ಹಾಕುತ್ತಿದ್ದಾಳೆ. ಕಾಲ ಬಳಿ ಒಂದು ಹೂಜಿ ಮಗುಚಿ ಬಿದ್ದಿದೆ. ಆದಿಕಾಂಡದ 16ನೇ ಅಧ್ಯಾಯದಲ್ಲಿ, ಬುಗ್ಗೆಯ ಬಳಿ ತನ್ನೊಂದಿಗೆ ಮಾತಾಡಿದ ದೇವರಿಗೆ ಹಾಜಿರಾ ಒಂದು ಹೆಸರಿಡುತ್ತಾರೆ: ಎಲ್‌ರೋಯಿ, ನನ್ನನ್ನು ನೋಡುವ ದೇವರು. ಬೈಬಲಿನಲ್ಲಿ ದೇವರಿಗೆ ಹೀಗೆ ಹೆಸರಿಟ್ಟು ಕರೆದ ಮೊದಲ ವ್ಯಕ್ತಿ ಈ ದಾಸಿಯೇ. ಪೌಲನ ಹನ್ನೊಂದು ವಚನಗಳಲ್ಲಿ ಆ ಪ್ರಸಂಗಕ್ಕೆ ಜಾಗ ಸಿಕ್ಕಿಲ್ಲ.